ಕಾಣದುದರ ನಂಬಿಕೆ: ಕನ್ನಡಕ್ಕಾಗಿ ದುಡಿದ ಕೆಲವು ಕ್ರೈಸ್ತ ವಿದ್ವಾಂಸರನ್ನು ಕುರಿತ ಇತಿಹಾಸವಿಚಾರ

೧

ಇತಿಹಾಸಕಾರನ ಕೆಲಸವು ಪ್ರಮಾಣದಿಂದ ಮೊದಲಾಗಿ ಪ್ರಮಾಣದಲ್ಲಿಯೇ ಮುಗಿಯತಕ್ಕದ್ದು. ಶಾಸನ, ಓಲೆಗರಿ, ಕಡತ, ಕಾಗದಪತ್ರ ಇವುಗಳ ಆಧಾರವಿಲ್ಲದೆ ಅವನು ಒಂದು ಮಾತನ್ನೂ ಆಡಲಾರನು. ಆಡಿದರೆ ಅದನ್ನು ಕಟ್ಟುಕಥೆಯೆಂದು ವಿದ್ವಜ್ಜನರು ಬದಿಗಿಡುವರು. ಹೀಗಿರುವಲ್ಲಿ, ಪ್ರಮಾಣವು ಕಣ್ಣಿಗೆ ಬೀಳದಿರುವಾಗಲೇ ದೇವರಲ್ಲಿ ಭರವಸವಿಡಬೇಕೆಂದು ಬೋಧಿಸುವ ಒಂದು ಮತದ ಜನರ ಚರಿತ್ರೆಯನ್ನು ಅವನು ಬರೆಯಬೇಕಾಗಿ ಬಂದಾಗ ಒಂದು ವಿಚಿತ್ರವಾದ ತೊಡಕು ಒದಗುತ್ತದೆ. ಅವರು ನಡೆಸಿದ ಕಾರ್ಯಗಳಿಗೆ ಪ್ರಮಾಣಗಳುಂಟು. ಆ ಕಾರ್ಯಗಳಿಗೆ ಮೂಲವಾದ ನಂಬಿಕೆಗಾದರೋ ಪ್ರಮಾಣವನ್ನು ಬೇಡದಿರುವುದೇ ಲಕ್ಷಣವೆಂದು ಹೇಳುತ್ತಾರೆ. ಇಂಥ ನಂಬಿಕೆಯನ್ನು ಇತಿಹಾಸಕಾರನು ಹೇಗೆ ಕಾಣಬೇಕು?

ಕನ್ನಡ ಸಾಹಿತ್ಯದ ಚರಿತ್ರೆಯನ್ನು ಓದುವವರಿಗೂ ಓದಿಸುವವರಿಗೂ ಈ ಪ್ರಶ್ನೆಯು ದೂರದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡದ ಅಚ್ಚುಕೂಟ, ಪತ್ರಿಕೆ, ವ್ಯಾಕರಣ, ನಿಘಂಟು, ಗ್ರಂಥಸಂಪಾದನೆ ಇವೆಲ್ಲವುಗಳ ಮೊದಲ ಪುಟಗಳಲ್ಲಿ ಕ್ರೈಸ್ತ ಪಾದ್ರಿಗಳ ಹೆಸರುಗಳು ಬರುತ್ತವೆ. ಅವರ ವಿಷಯದಲ್ಲಿ ಎರಡು ಬಗೆಯ ಬರೆವಣಿಗೆಯು ರೂಢವಾಗಿದೆ. ಅವರ ಮತದವರು ಬರೆದ ಚರಿತ್ರೆಗಳಲ್ಲಿ ಅವರ ಸಾಧನೆಯೇ ಅವರ ನಂಬಿಕೆಗೆ ದೈವವು ಕೊಟ್ಟ ಸಾಕ್ಷಿಯೆಂಬಂತೆ ನಿರೂಪಿತವಾಗುತ್ತದೆ. ಇತರರು ಬರೆದವುಗಳಲ್ಲಿ, ಮತಪ್ರಚಾರಕ್ಕಾಗಿ ಬಂದವರಾದರೂ ಭಾಷೆಗೆ ಉಪಕಾರ ಮಾಡಿದರೆಂಬ ಒಂದು ವಾಕ್ಯದಲ್ಲಿ ನಂಬಿಕೆಯ ಪ್ರಸ್ತಾಪವು ಮುಗಿದು, ಗ್ರಂಥಗಳ ಪಟ್ಟಿಯು ಪ್ರಾರಂಭವಾಗುತ್ತದೆ. ಒಂದರಲ್ಲಿ ಫಲವನ್ನು ಪ್ರಮಾಣವೆಂದು ಎಣಿಸಿದ್ದಾರೆ. ಇನ್ನೊಂದರಲ್ಲಿ ನಂಬಿಕೆಯನ್ನು ಅಪ್ರಸ್ತುತವೆಂದು ಕೈಬಿಟ್ಟಿದ್ದಾರೆ. ಫಲವು ಇನ್ನೂ ಕಾಣದಿದ್ದ ದಿನಗಳಲ್ಲಿ ಈ ಜನರು ಹೇಗೆ ಬಾಳಿದರು, ನಂಬಿಕೆಯು ಅವರಿಂದ ಏನನ್ನು ಮಾಡಿಸಿತು, ಏನನ್ನು ಮಾಡಿಸದೆ ಹೋಯಿತು ಎಂಬ ವಿಚಾರವು ಎರಡರಲ್ಲಿಯೂ ತಪ್ಪಿಹೋಗಿದೆ. ಆ ವಿಚಾರವೇ ಪ್ರಕೃತ ಲೇಖನದ ವಿಷಯವಾಗಿರುತ್ತದೆ.

೨

ಮೊದಲು ಮೂಲಗ್ರಂಥದ ಮಾತನ್ನು ನೋಡೋಣ. ಕಾಣದುದನ್ನು ಕುರಿತ ನಂಬಿಕೆಯ ವಿವರಣೆಯು ಬೈಬಲಿನ ಹೊಸ ಒಡಂಬಡಿಕೆಯಲ್ಲಿ, ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಲ್ಲಿದೆ. ಈ ಪತ್ರಿಕೆಯನ್ನು ಹಿಂದೆ ಪೌಲನದೆಂದು ಹೇಳುತ್ತಿದ್ದರು. ಕರ್ತೃವು ಯಾರೆಂದು ತಿಳಿಯದೆಂಬುದೇ ಈಗಿನ ವಿದ್ವಾಂಸರ ಸಾಮಾನ್ಯವಾದ ಅಭಿಪ್ರಾಯ. ಅಧ್ಯಾಯದ ಪ್ರಾರಂಭದಲ್ಲಿ ನಂಬಿಕೆಯ ಲಕ್ಷಣವನ್ನು ಹೇಳುವಲ್ಲಿ ಎರಡು ಗ್ರೀಕ್ ಶಬ್ದಗಳು ಪ್ರಯೋಗವಾಗಿವೆ. ಒಂದು ಹುಪೋಸ್ತಾಸಿಸ್, ಕೆಳಗೆ ನಿಂತು ಮೇಲಿನದನ್ನು ಹೊರುವಂಥದು ಎಂದು ಅದರ ಅವಯವಾರ್ಥ. ಇನ್ನೊಂದು ಎಲೆಂಖೊಸ್, ವಾದದಲ್ಲಿ ಸ್ಥಾಪಿಸಿ ತೋರಿಸುವ ಪ್ರಮಾಣವೆಂದು ಅದರ ಅರ್ಥ. ಲ್ಯಾಟಿನ್ ಭಾಷಾಂತರದಲ್ಲಿ ಇವು ಸುಬ್‌ಸ್ಟಾಂಟಿಯಾ, ಆರ್ಗುಮೆಂಟುಮ್ ಎಂದಾದವು. ಎಂದರೆ ನಂಬಿಕೆಯು ಒಂದು ವಸ್ತುವಿನಂತೆಯೂ ಒಂದು ಸಾಧನವಾಕ್ಯದಂತೆಯೂ ತೋರಿತು. ಹದಿನಾರನೆಯ ಶತಮಾನದಲ್ಲಿ ಲೂಥರರು ಜರ್ಮನ್ ಭಾಷೆಗೆ ತಿರುಗಿಸುವಾಗ, ದೃಢವಾದ ಭರವಸೆ, ಸಂಶಯಪಡದಿರುವಿಕೆ ಎಂಬ ಅರ್ಥ ಬರುವಂತೆ ಬರೆದರು. ವಸ್ತುವಾಗಿದ್ದುದು ಮನಸ್ಸಿನ ನಿಲುವಾಯಿತು. ಬಹುಕಾಲದಿಂದ ರೂಢಿಯಲ್ಲಿರುವ ಕನ್ನಡ ಬೈಬಲಿನಲ್ಲಿ ಈ ಸ್ಥಳದಲ್ಲಿ ‘ನಂಬಿಕೆ’, ‘ಭರವಸ’ ಎಂಬ ಶಬ್ದಗಳಿರುವುದರಿಂದ ಅದು ಲೂಥರರ ದಾರಿಗೆ ಸಮೀಪವಾಗಿದೆಯೆನ್ನಬಹುದು.

ಲಕ್ಷಣವಾಕ್ಯವನ್ನು ಎಲ್ಲರೂ ಉದಾಹರಿಸುವರು. ಅದರ ಮುಂದಿನ ಭಾಗವನ್ನು ಗಮನಿಸುವವರು ಕಡಮೆ. ಅಲ್ಲಿ ಹೇಬೇಲನಿಂದ ಮೊದಲ್ಗೊಂಡು ನೋಹ, ಅಬ್ರಹಾಮ, ಸಾರಾ, ಮೋಶೆ ಮೊದಲಾದವರ ಹೆಸರುಗಳನ್ನು ಹೇಳಿದೆ. ತಾನು ಎಲ್ಲಿಗೆ ಹೋಗುತ್ತಿರುವೆನೆಂಬುದನ್ನು ತಿಳಿಯದೆಯೇ ಅಬ್ರಹಾಮನು ಮನೆಬಿಟ್ಟು ಹೊರಟನೆಂದಿದೆ. ಕೆಲವರು ಗೆದ್ದರು, ಕೆಲವರು ಹಿಂಸೆಗೊಳಗಾಗಿ ಸತ್ತರು ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಕಡೆಯಲ್ಲಿ, ಇವರೊಬ್ಬರೂ ವಾಗ್ದಾನವಾದ ಫಲವನ್ನು ಪಡೆಯಲಿಲ್ಲವೆಂದು ಸ್ಪಷ್ಟವಾಗಿ ಒಪ್ಪಿಕೊಂಡಿದೆ. ನಂಬಿದವನಿಗೆ ಫಲವು ಕೈಗೂಡಿಯೇ ತೀರುವುದೆಂಬ ಲೌಕಿಕವಾದ ಎಣಿಕೆಯನ್ನು ಈ ಅಧ್ಯಾಯವೇ ಖಂಡಿಸುತ್ತದೆಂಬುದು ಇದರಿಂದ ವ್ಯಕ್ತವಾಗುತ್ತದೆ. ಆದುದರಿಂದ ಪಾದ್ರಿಗಳ ಸಾಧನೆಗಳನ್ನು ಅವರ ನಂಬಿಕೆಗೆ ಪ್ರಮಾಣವಾಗಿ ಹಿಡಿಯುವವರು ಆ ಪಾದ್ರಿಗಳು ಓದುತ್ತಿದ್ದ ಗ್ರಂಥಕ್ಕೇ ವಿರೋಧವಾಗಿ ವಾದಿಸುತ್ತಾರೆ.

ಇನ್ನು ಕನ್ನಡ ಶಬ್ದದ ಮಾತು. ಪ್ರಾಟೆಸ್ಟೆಂಟರ ಬೈಬಲಿನಲ್ಲಿ ‘ನಂಬಿಕೆ’ ಎಂದಿರುವೆಡೆಯಲ್ಲಿ ಕಥೋಲಿಕರಲ್ಲಿ ‘ವಿಶ್ವಾಸ’ವೆಂಬ ಶಬ್ದವು ನೆಲೆಗೊಂಡಿದೆ. ‘ವಿಶ್ವಾಸ’ವು ಉಸಿರಾಡುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು, ಅಂಜಿಕೆಯಿಲ್ಲದೆ ಉಸಿರಾಡುವ ಸ್ಥಿತಿಯು ಅದರ ಮೂಲಭಾವ. ಕನ್ನಡದ ಬಳಕೆಯಲ್ಲಿ ಅದು ಸ್ನೇಹದ ಅರ್ಥವನ್ನೂ ಪಡೆದಿದೆ. ‘ನಂಬು’ ಎಂಬುದು ತಮಿಳು, ತುಳು ಮೊದಲಾದ ಸೋದರಭಾಷೆಗಳಲ್ಲಿಯೂ ಇರುವ ದೇಶ್ಯಧಾತು. ಒಂದು ಮಾತನ್ನು ನಿಜವೆಂದು ಒಪ್ಪುವುದು ಅದರ ಒಂದು ಅರ್ಥ. ಒಬ್ಬರ ಮೇಲೆ ಭಾರವನ್ನು ಹಾಕಿ ನಿಲ್ಲುವುದು ಇನ್ನೊಂದು. ‘ನಿಮ್ಮನ್ನೇ ನಂಬಿಕೊಂಡಿದ್ದೇನೆ’ ಎಂದು ನಾವು ಹೇಳುವಾಗ ಯಾವ ಸಿದ್ಧಾಂತವನ್ನೂ ಒಪ್ಪುತ್ತಿರುವುದಿಲ್ಲ. ರೈತನು ಮಳೆಯನ್ನು ನಂಬಿ ಬಿತ್ತಿದನೆಂಬಲ್ಲಿಯೂ ಈ ಎರಡನೆಯ ಅರ್ಥವೇ. ನಂಬುವವನ ಗುಣವನ್ನು ಹೇಳುವ ನಂಬಿಕೆಯೂ, ನಂಬತಕ್ಕವನ ಗುಣವನ್ನು ಹೇಳುವ ‘ನಂಬಿಗಸ್ತ’ನೆಂಬ ಶಬ್ದವೂ ಒಂದೇ ಧಾತುವಿನಿಂದ ಬಂದಿವೆ, ಗ್ರೀಕಿನ ಪಿಸ್ತಿಸ್ ಶಬ್ದಕ್ಕೂ ಇಂಥದೇ ಎರಡು ಮುಖಗಳುಂಟು. ಶರಣರೂ ದಾಸರೂ ದೇವರನ್ನು ನಂಬುವ ಮಾತನ್ನು ಅದಾಗಲೇ ಮನೆಮನೆಗೂ ಮುಟ್ಟಿಸಿದ್ದರು. ಹೀಗಾಗಿ ಭಾಷಾಂತರಕಾರರು ಹೊಸ ಶಬ್ದವನ್ನು ಕಟ್ಟಬೇಕಾಗಲಿಲ್ಲ. ಶತಮಾನಗಳಿಂದ ಭಕ್ತರು ನಡೆದು ಸವೆಸಿದ ದಾರಿಯಲ್ಲಿಯೇ ಅವರೂ ನಡೆದರು.

ನೈಯಾಯಿಕರು ಹೇಳುವ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂಬ ನಾಲ್ಕು ಪ್ರಮಾಣಗಳಲ್ಲಿ ಈ ನಂಬಿಕೆಯು ಆಪ್ತವಾಕ್ಯವೆಂಬ ಕಡೆಯದಕ್ಕೆ ಹತ್ತಿರವಾದುದೆಂದು ತೋರಬಹುದು. ಆದರೆ ಪೂರ್ಣವಾಗಿ ಅದೂ ಅಲ್ಲ. ಆಪ್ತವಾಕ್ಯದಿಂದ ಒಂದು ವಿಷಯದ ಜ್ಞಾನವು ದೊರೆಯುತ್ತದೆ. ಇಲ್ಲಿಯಾದರೋ ವಿಷಯವು ಇನ್ನೂ ತಿಳಿಯದಿರುವಾಗಲೇ ಹೇಳಿದವನನ್ನು ಹಿಡಿದುಕೊಂಡಿರುವುದು ಮುಖ್ಯ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಸಂಗತಿಗಳನ್ನು ಪರಿಶೀಲಿಸೋಣ.

೩

ಇಂಗ್ಲೆಂಡಿನಲ್ಲಿ ಚಮ್ಮಾರವೃತ್ತಿಯಿಂದ ಜೀವನವನ್ನು ಪ್ರಾರಂಭಿಸಿದ ವಿಲಿಯಮ್ ಕೇರಿಯವರು ೧೭೯೩ರಲ್ಲಿ ಬಂಗಾಳಕ್ಕೆ ಬಂದರು. ಕೃಷ್ಣಪಾಲನೆಂಬ ಬಡಗಿಯು ಅವರಿಂದ ದೀಕ್ಷಾಸ್ನಾನವನ್ನು ಪಡೆದುದು ೧೮೦೦ನೆಯ ಇಸವಿಯ ದಶಂಬರ ೨೮ರಂದು. ನಡುವಣ ಏಳು ವರ್ಷಗಳ ಪ್ರಚಾರದಿಂದ ಒಬ್ಬ ಬಂಗಾಳಿಯೂ ಅವರ ಸಭೆಗೆ ಸೇರಿರಲಿಲ್ಲ. ಅನಂತರ ಶ್ರೀರಾಮಪುರದಲ್ಲಿ ನೆಲೆಸಿ ಅವರೂ ಅವರ ಸಂಗಡಿಗರೂ ಭಾರತದ ಅನೇಕ ಭಾಷೆಗಳಲ್ಲಿ ಬೈಬಲಿನ ಭಾಷಾಂತರವನ್ನು ಕೈಗೊಂಡರು. ಅವುಗಳಲ್ಲಿ ಕನ್ನಡವೂ ಒಂದು. ಕೇರಿಯವರು ಕನ್ನಡ ನಾಡನ್ನು ಎಂದೂ ಕಂಡವರಲ್ಲ. ಪಂಡಿತರ ಸಹಾಯದಿಂದ, ಗಂಗೆಯ ದಡದಲ್ಲಿ ಕುಳಿತು, ತಾವು ಕಾಣದ ನಾಡಿನ ನುಡಿಗೆ ಹೊಸ ಒಡಂಬಡಿಕೆಯನ್ನು ತಿರುಗಿಸಿದರು.

೧೮೧೨ರ ಮಾರ್ಚಿ ೧೧ರ ಸಂಜೆ ಶ್ರೀರಾಮಪುರದ ಅಚ್ಚುಕೂಟಕ್ಕೆ ಬೆಂಕಿ ಬಿದ್ದಿತು. ಕಾಗದದ ದಾಸ್ತಾನೂ ಹಲವು ಭಾಷೆಗಳ ಅಚ್ಚಿನ ಮೊಳೆಗಳೂ ಸುಟ್ಟುಹೋದವು. ಹಸ್ತಪ್ರತಿಗಳ ನಾಶವು ಇವೆಲ್ಲಕ್ಕಿಂತ ದೊಡ್ಡದು. ಕನ್ನಡ ಭಾಷಾಂತರದ ಹಸ್ತಪ್ರತಿಯೂ, ಕೇರಿಯವರು ಬಹುಕಾಲದಿಂದ ಕೂಡಿಸುತ್ತಿದ್ದ ಬಹುಭಾಷಾ ನಿಘಂಟಿನ ಸಾಮಗ್ರಿಯೂ ಅದರಲ್ಲಿ ಬೂದಿಯಾದವು. ಅಚ್ಚಿನ ಯಂತ್ರಗಳು ಮಾತ್ರ ಉಳಿದವು. ಅಕ್ಷರಗಳನ್ನು ಎರಕ ಹೊಯ್ಯುವ ಅಚ್ಚುಗಳು ಬೂದಿಯ ನಡುವೆ ಸಿಕ್ಕಿದವು. ಅವುಗಳಿಂದ ಮರಳಿ ಮೊಳೆಗಳನ್ನು ಎರೆದು ಕೆಲಸವನ್ನು ಮೊದಲಿನಿಂದ ಪ್ರಾರಂಭಿಸಿದರು. ಕೇರಿಯವರ ಕನ್ನಡ ವ್ಯಾಕರಣವು ೧೮೧೭ರಲ್ಲಿ ಅಚ್ಚಾಯಿತು. ಶ್ರೀರಾಮಪುರದ ಕನ್ನಡ ಹೊಸ ಒಡಂಬಡಿಕೆಯು ಹೊರಬಿದ್ದುದು ಬೆಂಕಿಯಾದ ಸುಮಾರು ಹನ್ನೊಂದು ವರ್ಷಗಳ ಮೇಲೆ, ೧೮೨೩ರಲ್ಲಿ. ಅಷ್ಟರೊಳಗೆ ೧೮೧೦ರಲ್ಲಿ ಬಳ್ಳಾರಿಗೆ ಬಂದಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರು ಜನರ ನಡುವೆಯೇ ಇದ್ದು ಇನ್ನೊಂದು ಭಾಷಾಂತರವನ್ನು ಸಿದ್ಧಪಡಿಸುತ್ತಿದ್ದರು. ೧೮೩೧ರ ಹೊತ್ತಿಗೆ ಸಮಗ್ರ ಬೈಬಲು ಕನ್ನಡದಲ್ಲಿ ದೊರೆಯುವಂತಾಯಿತು. ಮುಂದೆ ಕನ್ನಡ ನಾಡಿನ ಸಭೆಗಳಲ್ಲಿ ಬಳಕೆಗೆ ಬಂದು ತಿದ್ದುಪಡಿಗಳಿಗೆ ಆಧಾರವಾದುದು ಬಳ್ಳಾರಿಯ ಭಾಷಾಂತರವೇ.

ಈ ಸಂಗತಿಯಲ್ಲಿ ಗಮನಿಸತಕ್ಕ ಅಂಶವು ಎರಡು. ಬೆಂಕಿಯನ್ನು ದೈವಪ್ರತಿಕೂಲದ ಸೂಚನೆಯೆಂದು ಎಣಿಸಿ ಅವರು ಕೆಲಸವನ್ನು ಬಿಡಲಿಲ್ಲವೆಂಬುದು ಮೊದಲನೆಯದು. ಹಾಗೆ ಎರಡನೆಯ ಸಲ ಪಟ್ಟ ಶ್ರಮದ ಫಲವಾದ ಗ್ರಂಥವು ಕನ್ನಡಿಗರಲ್ಲಿ ಹೆಚ್ಚಾಗಿ ನೆಲೆಗೊಳ್ಳಲಿಲ್ಲವೆಂಬುದು ಎರಡನೆಯದು. ಭಕ್ತರ ಕಥೆಯಲ್ಲಿ ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಡುವುದುಂಟು. ಎರಡನ್ನೂ ಕೂಡಿಸಿ ಓದಿದಾಗಲೇ ಅವರ ನಂಬಿಕೆಯ ಸ್ವರೂಪವು ತಿಳಿಯುತ್ತದೆ.

ಇದರೊಂದಿಗೆ ಇನ್ನೊಂದು ಸಂಗತಿಯನ್ನೂ ಮುಚ್ಚಬಾರದು. ಕೇರಿಯವರ ಪತ್ನಿ ಡಾರಥಿಯವರಿಗೆ ಭಾರತಕ್ಕೆ ಬರಲು ಮೊದಲು ಮನಸ್ಸಿರಲಿಲ್ಲ. ಒತ್ತಾಯಕ್ಕೆ ಮಣಿದು ಬಂದರು. ೧೭೯೪ರಲ್ಲಿ ಅವರ ಐದು ವರ್ಷದ ಮಗನು ತೀರಿಕೊಂಡನು. ಆ ಮೇಲೆ ಆಕೆಯ ಬುದ್ಧಿಯು ಕೆಟ್ಟು, ೧೮೦೭ರಲ್ಲಿ ಮರಣವಾಗುವವರೆಗೆ ಮತ್ತೆ ತಿಳಿಯಾಗಲಿಲ್ಲ. ಪಕ್ಕದ ಕೋಣೆಯಲ್ಲಿ ಆಕೆಯ ಸಂಕಟವಿದ್ದಾಗಲೇ ಕೇರಿಯವರ ಭಾಷಾಂತರವು ನಡೆಯುತ್ತಿತ್ತು. ಒಬ್ಬನ ನಂಬಿಕೆಯ ಬೆಲೆಯನ್ನು ತೆರುವವನು ಯಾವಾಗಲೂ ಅವನೊಬ್ಬನೇ ಅಲ್ಲ. ಕಾಣದುದನ್ನು ನಂಬಿ ನಡೆದವರ ಚರಿತ್ರೆಯನ್ನು ಬರೆಯುವವರು, ಅವರ ಹಿಂದೆ ನಡೆಯಬೇಕಾಗಿ ಬಂದವರ ಲೆಕ್ಕವನ್ನೂ ಬರೆಯಬೇಕು.

೪

ಕರಾವಳಿಯಲ್ಲಿ ಕನ್ನಡದ ಕೆಲಸವನ್ನು ಕೈಗೊಂಡವರು ಬಾಸೆಲ್ ಮಿಶನ್ನಿನವರು. ೧೮೩೪ರ ಅಕ್ಟೋಬರಿನಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ೧೮೩೬ರಲ್ಲಿ ಹರ್ಮನ್ ಮೋಗ್ಲಿಂಗರು ಬಂದು ಕೂಡಿಕೊಂಡರು. ಈ ೧೮೩೬ ಎಂಬ ವರ್ಷವು ಅವರ ನಾಡಿನ ಭಕ್ತರಿಗೆ ಸಾಧಾರಣವಾದ ವರ್ಷವಾಗಿರಲಿಲ್ಲ. ಅದರ ಕಾರಣವನ್ನು ತಿಳಿಯಲು ಜರ್ಮನಿಯ ವ್ಯುರ್ಟೆಂಬೆರ್ಗ್ ಸೀಮೆಯ ಕಡೆಗೆ ಒಮ್ಮೆ ತಿರುಗಬೇಕು.

ಆ ಸೀಮೆಯಲ್ಲಿ ಬೆಂಗೆಲ್ ಎಂಬ ದೇವಶಾಸ್ತ್ರಜ್ಞರಿದ್ದರು (೧೬೮೭–೧೭೫೨). ಗ್ರಂಥಸಂಪಾದನಶಾಸ್ತ್ರವನ್ನು ಬಲ್ಲವರಿಗೆ ಅವರ ಹೆಸರು ಪರಿಚಿತವಾದದ್ದು. ಗ್ರೀಕ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಹೋಲಿಸಿ ೧೭೩೪ರಲ್ಲಿ ಪರಿಷ್ಕೃತವಾದ ಪಾಠವನ್ನು ಪ್ರಕಟಿಸಿದವರು ಅವರು. ಎರಡು ಪಾಠಗಳಲ್ಲಿ ಸುಲಭವಾದುದಕ್ಕಿಂತ ಕ್ಲಿಷ್ಟವಾದುದೇ ಮೂಲಕ್ಕೆ ಸಮೀಪವೆಂಬ ಸೂತ್ರವನ್ನು ಹೇಳಿದವರೂ ಅವರೇ. ನಮ್ಮ ಪಂಡಿತರು ಪಂಪನ ಪಾಠಗಳನ್ನು ತೂಗುವಾಗಲೂ ಈ ಸೂತ್ರವನ್ನು ಹಿಡಿಯುವರು. ಇಂಥ ಪ್ರಮಾಣಶೀಲರಾದ ಬೆಂಗೆಲರು ಬೈಬಲಿನ ಕಡೆಯ ಗ್ರಂಥವಾದ ಪ್ರಕಟನೆಯಲ್ಲಿನ ಸಂಖ್ಯೆಗಳನ್ನು ಗುಣಿಸಿ, ಲೋಕಕ್ಕೆ ದೊಡ್ಡದೊಂದು ಪರಿವರ್ತನೆಯು ೧೮೩೬ರಲ್ಲಿ ಆಗುವುದೆಂದು ಲೆಕ್ಕ ಹಾಕಿದರು. ಆ ವರ್ಷವು ಸುಮ್ಮನೆ ಕಳೆದುಹೋದರೆ ತಮ್ಮ ಲೆಕ್ಕದ ಬುಡದಲ್ಲಿಯೇ ದೋಷವಿರಬೇಕೆಂದೂ ಒಪ್ಪಿಕೊಂಡಿದ್ದರು. ಅವರ ಮಾತನ್ನು ನಂಬಿ ಅನೇಕ ಕುಟುಂಬಗಳು ತಲೆತಲಾಂತರವಾಗಿ ಆ ವರ್ಷವನ್ನು ಎದುರುನೋಡುತ್ತಿದ್ದವು.

ಇದೇ ಕಾಲಕ್ಕೆ ಅದೇ ಸೀಮೆಯಿಂದ ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ದನಿ ಎದ್ದಿತು. ಟ್ಯೂಬಿಂಗೆನ್ನಿನಲ್ಲಿ ಉಪಾಧ್ಯಾಯರಾಗಿದ್ದ ಸ್ಟ್ರೌಸರು ೧೮೩೫ರಲ್ಲಿ ಯೇಸುವಿನ ಚರಿತ್ರೆಯನ್ನು ವಿಮರ್ಶಿಸುವ ಗ್ರಂಥವನ್ನು ಪ್ರಕಟಿಸಿ, ಸುವಾರ್ತೆಗಳಲ್ಲಿನ ಅದ್ಭುತಗಳು ಭಕ್ತಸಮುದಾಯದ ಕಲ್ಪನೆಯಿಂದ ಬೆಳೆದ ಪುರಾಣಕಥೆಗಳೆಂದು ವಾದಿಸಿದರು. ಯುರೋಪಿನ ಪಂಡಿತಲೋಕವೆಲ್ಲ ಕಲಕಿಹೋಯಿತು. ಮೋಗ್ಲಿಂಗರು ದೇವಶಾಸ್ತ್ರವನ್ನು ಓದಿದುದು ಅದೇ ಟ್ಯೂಬಿಂಗೆನ್ನಿನಲ್ಲಿ; ಅವರ ಸ್ನೇಹಿತರೂ ಮಲೆಯಾಳ ನಿಘಂಟಿನ ಕರ್ತೃಗಳೂ ಆದ ಗುಂಡರ್ಟರು ಸ್ಟ್ರೌಸರ ಶಿಷ್ಯರಾಗಿದ್ದವರು. ಹೀಗೆ ಒಂದು ಕಡೆಯಲ್ಲಿ, ನಂಬಿಕೆಗೆ ಆಧಾರವೆಂದಿದ್ದ ಐತಿಹಾಸಿಕ ಪ್ರಮಾಣವು ಕುಸಿಯಿತೆಂಬ ಕೂಗು. ಇನ್ನೊಂದು ಕಡೆಯಲ್ಲಿ, ಪ್ರತ್ಯಕ್ಷಪ್ರಮಾಣವು ಇಷ್ಟರಲ್ಲಿಯೇ ಆಕಾಶದಿಂದ ಇಳಿಯುವುದೆಂಬ ನಿರೀಕ್ಷೆ. ಈ ಎರಡರ ನಡುವಣ ಗಾಳಿಯಲ್ಲಿ ಬೆಳೆದ ತರುಣನು ೧೮೩೬ರಲ್ಲಿ ಹಡಗನ್ನು ಹತ್ತಿದನು. ವರ್ಷವು ಕಳೆಯಿತು, ಲೋಕವು ಇದ್ದಂತೆಯೇ ಇದ್ದಿತು. ಮಂಗಳೂರಿನಲ್ಲಿಯೂ ಧಾರವಾಡದಲ್ಲಿಯೂ ಕನ್ನಡದ ಓದು ಪ್ರಾರಂಭವಾಯಿತು.

ಪ್ರತ್ಯಕ್ಷವನ್ನು ನಿರೀಕ್ಷಿಸುವುದು ಬೇರೆ, ಭರವಸವಿಡುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ. ಬೆಂಗೆಲರ ತಪ್ಪು ನಂಬಿದುದರಲ್ಲಿಲ್ಲ. ನಂಬಿಕೆಯನ್ನು ಗಣಿತವಾಗಿ ಮಾಡಿ, ಅದಕ್ಕೆ ಪ್ರಮಾಣದ ವೇಷವನ್ನು ತೊಡಿಸಿದುದರಲ್ಲಿದೆ. ತೇದಿಯನ್ನು ಗೊತ್ತುಮಾಡಿದ ನಿರೀಕ್ಷೆಯು ಆ ತೇದಿಯೊಂದಿಗೆ ಸತ್ತಿತು. ತೇದಿಯಿಲ್ಲದ ಭರವಸವು ದಿನದಿನದ ಕೆಲಸವಾಗಿ ಉಳಿಯಿತು.

೫

ಆ ಕೆಲಸದ ವಿವರವು ವಾಚಕರಿಗೆ ತಿಳಿದೇ ಇದೆ. ೧೮೪೧ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣವು ಪ್ರಾರಂಭವಾಯಿತು. ೧೮೪೩ರ ಜುಲಾಯಿ ೧ರಂದು ‘ಮಂಗಳೂರ ಸಮಾಚಾರ’ವು ಹೊರಟಿತು. ೧೮೪೮ರಿಂದ ಮುಂದಕ್ಕೆ, ಮದ್ರಾಸಿನ ಕ್ಯಾಸಮೇಜರ್ ಎಂಬ ಅಧಿಕಾರಿಯ ಹಣಸಹಾಯದಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ತೊರವೆ ರಾಮಾಯಣ, ದಾಸರ ಪದಗಳು ಮೊದಲಾದವು ಅಚ್ಚಾದವು. ಒಂದು ಮತವನ್ನು ಸಾರಲು ಬಂದವರು ಬೇರೆ ಮತಗಳ ಭಕ್ತಿಗ್ರಂಥಗಳನ್ನು ಅಚ್ಚುಹಾಕಿದುದು ಆಶ್ಚರ್ಯವೆಂದು ತೋರಬಹುದು. ಅವರ ಉದ್ದೇಶವು ಶುದ್ಧವಾದ ಸಾಹಿತ್ಯಸೇವೆಯಾಗಿತ್ತೆಂದು ಹೇಳಿದರೆ ಸತ್ಯವಾಗಲಾರದು. ಜನರ ಮನಸ್ಸನ್ನೂ ಮಾತನ್ನೂ ಅರಿತು ತಮ್ಮ ಸುವಾರ್ತೆಯನ್ನು ಹೇಳಬೇಕೆಂಬುದೇ ಅವರ ಗುರಿ. ಆಂಗ್ಲರ ಆಳಿಕೆಯ ನೆರಳು ಅವರಿಗಿತ್ತೆಂಬುದನ್ನೂ ಮರೆಯುವಂತಿಲ್ಲ. ಅಷ್ಟಾದರೂ, ಕಾಣದ ದೇವರನ್ನು ನಂಬಿ ಕರೆಯುವ ಕನ್ನಡದ ಮಾತನ್ನು ಅವರು ಕಲಿತುದು ದಾಸರಿಂದ, ಶರಣರಿಂದ. ಈ ಋಣವು ಅವರ ಅಚ್ಚುಕಲ್ಲಿನ ಮೇಲೆಯೇ ಬರೆದಿದೆ.

ಈ ವರ್ಷಗಳಲ್ಲಿ ಯಾರ ನಂಬಿಕೆಯು ಹೆಚ್ಚಿನ ಪರೀಕ್ಷೆಗೆ ಗುರಿಯಾಯಿತೆಂದು ಕೇಳಿದರೆ, ಪಾದ್ರಿಗಳ ಹೆಸರಿಗಿಂತ ಮೊದಲು ಆನಂದರಾವ್ ಕೌಂಡಿನ್ಯರ ಹೆಸರನ್ನು ಹೇಳಬೇಕಾಗುತ್ತದೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಈ ತರುಣರು ಮಿಶನ್ನಿನ ಶಾಲೆಯಲ್ಲಿ ಓದಿ, ೧೮೪೪ರ ಜನವರಿ ೬ರಂದು ದೀಕ್ಷಾಸ್ನಾನವನ್ನು ಪಡೆದರು. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಪಾದ್ರಿಗೆ ಹಿಂದೆ ಒಂದು ಸಂಸ್ಥೆ, ಒಂದು ಸ್ವದೇಶ, ಕೆಲಸವು ಕೈಗೂಡದಿದ್ದರೆ ಹಿಂದಿರುಗಿ ಹೋಗಲು ಒಂದು ಹಡಗು ಇದ್ದವು. ಕೌಂಡಿನ್ಯರಿಗೆ ಮನೆ, ಜಾತಿ, ನಂಟಸ್ತಿಕೆ ಎಲ್ಲವೂ ಒಂದೇ ದಿನದಲ್ಲಿ ಹಿಂದಾದವು. ಮುಂದೆ ಏನೆಂಬುದು ಕಾಣದು. ಎಲ್ಲಿಗೆ ಹೋಗುತ್ತಿರುವೆನೆಂದು ತಿಳಿಯದೆ ಹೊರಟ ಅಬ್ರಹಾಮನ ಉಪಮಾನವು ಸಲ್ಲುವುದಾದರೆ ಅದು ಇವರಿಗೇ ಸಲ್ಲಬೇಕು. ಅವರನ್ನು ಕಳೆದುಕೊಂಡ ಮನೆಯವರ ದುಃಖವೂ ನಿಜವಾದುದೇ. ಕೌಂಡಿನ್ಯರು ಬಾಸೆಲಿಗೆ ಹೋಗಿ ೧೮೪೬ರಿಂದ ೧೮೫೧ರವರೆಗೆ ಓದಿ ಪಾದ್ರಿಪದವಿಯನ್ನು ಪಡೆದು ಬಂದರು. ಮುಂದೆ ಕೊಡಗಿನ ಆನಂದಪುರದಲ್ಲಿಯೂ ಕೆಲಸ ಮಾಡಿ ೧೮೯೩ರಲ್ಲಿ ತೀರಿಕೊಂಡರು.

ಮೋಗ್ಲಿಂಗರು ೧೮೫೩ರಲ್ಲಿ ಕೊಡಗಿಗೆ ಹೋದರು. ಆಲಮಂಡ ಮನೆತನದ ಕೊಡವರೊಬ್ಬರು ಕ್ರೈಸ್ತರಾಗಿದ್ದರು. ಅವರ ಹಿಂದೆ ಕೊಡವ ಜನಾಂಗವೇ ಬರಬಹುದೆಂದು ಆಗ ಆಸೆ ಹುಟ್ಟಿದ್ದಿತು. ಹಾಗಾಗಲಿಲ್ಲ. ಬಂದವರು, ಒಡೆಯರ ಗದ್ದೆಗಳಲ್ಲಿ ತಲೆಮಾರುಗಳಿಂದ ದುಡಿಯುತ್ತ ಅಸ್ಪೃಶ್ಯರೆಂದು ದೂರವಿಡಲ್ಪಟ್ಟಿದ್ದ ಕೂಲಿಯ ಕುಟುಂಬಗಳು. ಆನಂದಪುರವೆಂಬ ಹಳ್ಳಿಯು ಅವರದಾಯಿತು. ಎದುರುನೋಡಿದವರು ಬರಲಿಲ್ಲ, ಎದುರುನೋಡದವರು ಬಂದರು. ೧೮೬೦ರಲ್ಲಿ ಯುರೋಪಿಗೆ ಹಿಂದಿರುಗಿದ ಮೋಗ್ಲಿಂಗರು ಮರಳಿ ಕನ್ನಡ ನಾಡನ್ನು ಕಾಣಲಿಲ್ಲ. ೧೮೮೧ರಲ್ಲಿ ಎಸ್ಲಿಂಗೆನ್ನಿನಲ್ಲಿ ತೀರಿಕೊಂಡರು. ಅವರ ಸಂಗಡಿಗರಾಗಿದ್ದು, ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ಆಯುಸ್ಸನ್ನು ಸವೆಸಿದ ವೈಗ್ಲೆಯವರು ಅದರ ಮುಕ್ತಾಯವನ್ನು ನೋಡದೆ ೧೮೫೫ರಲ್ಲಿಯೇ ಮೃತರಾಗಿದ್ದರು. ಸಾವಿರಗಟ್ಟಲೆ ಜನರು ಸಭೆಗೆ ಸೇರುವರೆಂದು ಇವರು ಆಶಿಸಿದ್ದರೆ, ಆ ಆಸೆಯು ಅವರ ಆಯುಷ್ಯದಲ್ಲಿ ಈಡೇರಲಿಲ್ಲ; ಅವರನ್ನು ನಾವು ಈಗ ಸ್ಮರಿಸುವ ಕಾರಣಗಳಾದರೋ ಅವರು ಮುಖ್ಯವೆಂದು ಎಣಿಸಿದವುಗಳಲ್ಲ.

೬

ಕಡೆಗೆ ಕಿಟ್ಟೆಲರ ಮಾತು. ೧೮೫೩ರಲ್ಲಿ ಕನ್ನಡ ನಾಡಿಗೆ ಬಂದ ಫರ್ಡಿನೆಂಡ್ ಕಿಟ್ಟೆಲರು ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯೆಂದು ಬರೆದು ೧೮೬೨ರಲ್ಲಿ ಪ್ರಕಟಿಸಿದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ೧೮೭೨ರಲ್ಲಿಯೂ ನಾಗವರ್ಮನ ‘ಛಂದೋಂಬುಧಿ’ಯನ್ನು ೧೮೭೫ರಲ್ಲಿಯೂ ಪರಿಷ್ಕರಿಸಿ ಹೊರತಂದರು. ೧೮೯೪ರಲ್ಲಿ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು: ಸುಮಾರು ೭೦,೦೦೦ ಶಬ್ದಗಳು, ೧೭೦೦ಕ್ಕೂ ಮಿಕ್ಕಿದ ಪುಟಗಳು. ೧೯೦೩ರಲ್ಲಿ ವ್ಯಾಕರಣವು ಹೊರಬಿದ್ದಿತು. ಅದೇ ವರ್ಷ ದಶಂಬರದಲ್ಲಿ ಅವರು ತೀರಿಕೊಂಡರು.

ಈ ನಿಘಂಟಿನ ರಚನಾಕ್ರಮವು ನಮ್ಮ ವಿಷಯಕ್ಕೆ ಹೊಸದೊಂದು ಬೆಳಕನ್ನು ಕೊಡುತ್ತದೆ. ಅದರಲ್ಲಿ ಶಬ್ದಕ್ಕೆ ಅರ್ಥವನ್ನು ಹೇಳಿದರಷ್ಟೇ ಸಾಲದು. ಅದು ಯಾವ ಕಾವ್ಯದಲ್ಲಿದೆ, ಯಾವ ಗಾದೆಯಲ್ಲಿದೆ, ಯಾವ ಸೀಮೆಯ ಜನರ ಬಾಯಲ್ಲಿದೆ ಎಂದು ಗುರುತು ಕೊಡಬೇಕು. ಸೋದರಭಾಷೆಗಳ ರೂಪಗಳನ್ನು ಪಕ್ಕದಲ್ಲಿರಿಸಬೇಕು. ಕನ್ನಡಿಗ ಪಂಡಿತರನ್ನು ಕೇಳಿ ತಿಳಿದುಕೊಂಡುದನ್ನು ಗ್ರಂಥದೊಡನೆ ಹೋಲಿಸಬೇಕು. ಕಾಣದ ದೇವರನ್ನು ಪ್ರಮಾಣವಿಲ್ಲದೆ ನಂಬಿದ ಮನುಷ್ಯನು ಒಂದು ಹುಲ್ಲಿನ ಹೆಸರನ್ನು ಕೂಡ ಸಾಕ್ಷಿಯಿಲ್ಲದೆ ಒಪ್ಪುತ್ತಿರಲಿಲ್ಲ! ಇದನ್ನು ವಿರೋಧವೆಂದು ತಿಳಿಯುವವರು ಎರಡನ್ನೂ ಸರಿಯಾಗಿ ಅರಿತವರಲ್ಲ. ಶಬ್ದದ ಅರ್ಥವು ಸಾಕ್ಷಿಯಿಂದ ನಿರ್ಣಯವಾಗತಕ್ಕದ್ದು. ನಾಲ್ಕು ದಶಕಗಳ ಕಾಲ ಆ ಸಾಕ್ಷಿಗಳನ್ನು ಕೂಡಿಸುತ್ತ ಕುಳಿತಿರಲು ಬೇಕಾದ ತಾಳ್ಮೆಯು ಸಾಕ್ಷಿಯಿಂದ ಹುಟ್ಟತಕ್ಕದ್ದಲ್ಲ. ಯಾವುದಕ್ಕೆ ಪ್ರಮಾಣವನ್ನು ಕೇಳಬೇಕು, ಎಲ್ಲಿ ಭರವಸದಿಂದ ಕಾಯಬೇಕು ಎಂಬ ವಿವೇಕವು ಕಿಟ್ಟೆಲರಲ್ಲಿತ್ತು. ಸಂಖ್ಯೆಗಳನ್ನು ಗುಣಿಸುವಾಗ ಬೆಂಗೆಲರಿಗೆ ತಪ್ಪಿದುದು ಈ ವಿವೇಕವೇ.

ಹಾಗೆಂದು, ನಿಘಂಟು ಮುಗಿಯಿತು, ಆದುದರಿಂದ ಕಿಟ್ಟೆಲರ ದೇವರು ನಿಜವೆಂದು ವಾದಿಸುವುದು ಸಲ್ಲದು. ನಿಘಂಟುಗಳನ್ನು ನಾಸ್ತಿಕರೂ ಬರೆದಿದ್ದಾರೆ. ಹಾಗೆಯೇ, ಕೊಡವರು ಬರಲಿಲ್ಲ, ಆದುದರಿಂದ ಮೋಗ್ಲಿಂಗರ ನಂಬಿಕೆಯು ಸುಳ್ಳಾಯಿತೆಂಬುದೂ ಸಲ್ಲದು; ಆ ನಂಬಿಕೆಯು ಸಂಖ್ಯೆಯ ಮೇಲೆ ನಿಂತಿರಲಿಲ್ಲ. ಇತಿಹಾಸವು ಈ ಎರಡು ತೀರ್ಪುಗಳನ್ನೂ ಕೊಡಲಾರದು. ಅದು ಅದರ ಅಧಿಕಾರಕ್ಕೆ ಮೀರಿದ್ದು. ಅದು ಹೇಳಬಹುದಾದದ್ದಿಷ್ಟು: ಇಂಥ ಭರವಸವು ಈ ಜನರನ್ನು ಸೋಲಿನಲ್ಲಿ ನಿಲ್ಲಿಸಿತು, ಸುಟ್ಟುಹೋದುದನ್ನು ಮರಳಿ ಬರೆಯಿಸಿತು, ತಾವು ಕೊಯ್ಯದ ಬೆಳೆಯನ್ನು ಬಿತ್ತಿಸಿತು, ಕೆಲವೊಮ್ಮೆ ಪಕ್ಕದವರ ನೋವಿಗೆ ಅವರನ್ನು ಕಿವುಡರನ್ನಾಗಿಯೂ ಮಾಡಿತು. ಇವೆಲ್ಲವೂ ಪ್ರಮಾಣಸಿದ್ಧವಾದ ಸಂಗತಿಗಳು.

ಕ್ರೈಸ್ತಮತದ ಕೇಂದ್ರದಲ್ಲಿರುವ ಶಿಲುಬೆಯ ಪ್ರಸಂಗವೇ ಇಂಥದು. ಅಲ್ಲಿ ಯಾವ ಅದ್ಭುತವೂ ನಡೆದು ಸಾಯುವವನನ್ನು ಕೆಳಗಿಳಿಸಲಿಲ್ಲ. ಕೈಬಿಟ್ಟುದೇಕೆಂದು ದೇವರನ್ನು ಕೇಳಿದ ಕೂಗಿಗೆ ಉತ್ತರವು ಬಂದುದನ್ನು ಸುವಾರ್ತೆಗಳು ಹೇಳುವುದಿಲ್ಲ. ಆದರೂ ಆ ಕೂಗು ದೇವರನ್ನು ಕುರಿತೇ ಇದೆ. ಕ್ರೈಸ್ತರಲ್ಲದ ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ಈ ದಿನವನ್ನೇ ಕುರಿತು ಬರೆದರೆಂಬುದು, ಪ್ರಮಾಣವಿಲ್ಲದ ಗಳಿಗೆಯ ಭರವಸವು ಒಂದು ಮತದವರಿಗೆ ಮಾತ್ರ ಅರ್ಥವಾಗುವ ವಿಷಯವಲ್ಲವೆಂಬುದನ್ನು ಸೂಚಿಸುತ್ತದೆ.

ಸಾಹಿತ್ಯದ ಉಪಾಧ್ಯಾಯರು ಇನ್ನು ಮುಂದೆ ಕಿಟ್ಟೆಲರ ನಿಘಂಟನ್ನು ವಿದ್ಯಾರ್ಥಿಗಳ ಮುಂದೆ ತೆರೆಯುವಾಗ, ಅದನ್ನು ಬರೆದವರ ನಂಬಿಕೆಯನ್ನು ಹೊಗಳಬೇಕಾಗಿಲ್ಲ, ಮುಚ್ಚಬೇಕಾಗಿಯೂ ಇಲ್ಲ. ಆ ನಂಬಿಕೆಯನ್ನು ಅದರ ಸೋಲುಗಳೊಡನೆ, ಅದರ ಬೆಲೆಯನ್ನು ತೆತ್ತವರ ಹೆಸರುಗಳೊಡನೆ, ಒಂದು ಐತಿಹಾಸಿಕ ಸಂಗತಿಯಾಗಿ ಹೇಳಿದರೆ ಸಾಕು. ಅದು ನಿಜವೋ ಅಲ್ಲವೋ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬ ವಾಚಕನೂ ತಾನೇ ಎದುರಿಸತಕ್ಕದ್ದು. ಅದಕ್ಕೆ ಬೇಕಾದ ಸಂಗತಿಗಳನ್ನು ಮರೆಮಾಚದೆ ಒದಗಿಸುವುದಷ್ಟೇ ನಮ್ಮ ಕರ್ತವ್ಯವಾಗಿರುತ್ತದೆ.